ಎಂಟು ಪುಟದ ಕೈಪಿಡಿಗೆ ಹೆಗಲು ಕೊಟ್ಟವರಿಗೆ

ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಕಾಯಿಲೆಯ, ಅಂದರೆ ಡಿವಿಟಿಯ ಬಗ್ಗೆ ಕನ್ನಡದಲ್ಲಿ ಮಾಡಿದ ಎಂಟು ಪುಟದ ಕೈಪಿಡಿ ಅಚ್ಚಾಗಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಮನೆ ತಲುಪಿತು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಗೋಡೆಯ ಸೂಚನೆ ಮಲಯಾಳದಲ್ಲಿ, ಓದಬೇಕಾದ ಅಜ್ಜಿಗೆ ಬರುವುದು ಕನ್ನಡ ಮಾತ್ರ. ಆ ನಡುವಿನ ಜಾಗ ತುಂಬಿಸಲು ದುಡಿದವರು ಹಲವರು. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದರಿಂದ ಅವರವರ ಕೆಲಸವನ್ನೇ ನೆನೆದು ಕೃತಜ್ಞತೆ ಹೇಳುತ್ತೇವೆ.

ಮೊದಲಿಗೆ ಕರಡನ್ನು ತಿದ್ದಿಕೊಟ್ಟ ವೈದ್ಯರು. "ಏದುಸಿರು ಬಂದರೆ ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದು" ಎಂದು ನಾವು ಬರೆದಿದ್ದೆವು. ಅದರ ಕೆಳಗೆ ಅವರು ಕೆಂಪು ಶಾಯಿಯಲ್ಲಿ "ಬಾರದಿದ್ದರೂ ಹೋಗಿರಬಹುದು" ಎಂದು ಸೇರಿಸಿದರು. ಕೈಪಿಡಿಯ ಜೀವಾಳ ಈಗ ಆ ಸಾಲೇ. ಡಿವಿಟಿ ಇದ್ದು, ಉಸಿರಾಟದ ಯಾವ ತೊಂದರೆಯನ್ನೂ ಹೇಳದ ರೋಗಿಗಳ ಶ್ವಾಸಕೋಶವನ್ನು ಪರೀಕ್ಷಿಸಿದ 28 ಅಧ್ಯಯನಗಳನ್ನು ಒಟ್ಟು ಮಾಡಿದ ವಿಮರ್ಶೆಯೊಂದು 2010ರಲ್ಲಿ ಪ್ರಕಟವಾಯಿತು. 5233 ಮಂದಿಯಲ್ಲಿ 1665 ಮಂದಿಯ ಶ್ವಾಸಕೋಶದಲ್ಲಿ ಆಗಲೇ ಹೆಪ್ಪು ಕೂತಿತ್ತು. ನೂರಕ್ಕೆ 32. ಮೀನಖಂಡದ ಹೆಪ್ಪಿಗಿಂತ ಮೊಣಕಾಲಿನ ಹಿಂಭಾಗ, ತೊಡೆ, ಸೊಂಟದ ನಾಳಗಳ ಹೆಪ್ಪಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಸದ್ದಿಲ್ಲದೆ ಕೂರುವುದು ಹೇಗೆ ಎಂದು ಪ್ರತಿ ಕೂಟದಲ್ಲೂ ಯಾರಾದರೂ ಕೇಳಿದರು. ಕಾಲಿನಿಂದ ಕಳಚಿದ ತುಣುಕು ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಕವಲುಗಳಿಗೆ ಹೋಗುತ್ತದೆ. ದೊಡ್ಡದಾದರೆ ಬುಡದಲ್ಲೇ ಸಿಕ್ಕಿಕೊಂಡು ಜೀವಕ್ಕೇ ಎರವಾಗುತ್ತದೆ. ಚಿಕ್ಕದು ತುದಿಯ ಕವಲಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಒಂದು ಕವಲು ಮುಚ್ಚಿದರೆ ರಕ್ತ ಉಳಿದ ಕವಲುಗಳಲ್ಲಿ ಹರಿಯುತ್ತದೆ. ಶ್ವಾಸಕೋಶಕ್ಕೆ ಶ್ವಾಸನಾಳದ ಕಡೆಯಿಂದ ಬೇರೊಂದು ರಕ್ತದ ಸರಬರಾಜೂ ಇದೆ. ಹಾಗಾಗಿ ಎಷ್ಟೋ ಸಲ ಆ ಭಾಗ ಸಾಯುವುದಿಲ್ಲ, ನೋವೂ ಇರುವುದಿಲ್ಲ. ಮನೆಯ ಆಕ್ಸಿಮೀಟರ್ 97 ತೋರಿಸಬಹುದು, ಎಕ್ಸ್‌ರೇ ಶುಭ್ರವಾಗಿರಬಹುದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆ ಬೆರಳಿನ ಯಂತ್ರದ ಮೇಲೆ ನಮ್ಮವರಿಗೆ ಸ್ವಲ್ಪ ಅತಿಯಾದ ನಂಬಿಕೆ.

ಆಶಾ ಕಾರ್ಯಕರ್ತೆಯರಿಗೆ, ಕೇರಳದ ಮಹಿಳಾ ಸ್ವಸಹಾಯ ಕೂಟವಾದ ಕುಟುಂಬಶ್ರೀಯ ಅಕ್ಕಂದಿರಿಗೆ ದೊಡ್ಡ ನಮಸ್ಕಾರ. ಕಾಲಿನ ಬಾವು ಅಳೆಯಲು ಟೈಲರ್ ಟೇಪು ಹಿಡಿದು ಮನೆ ಹತ್ತಿದವರು ಇವರೇ. ಅಳೆಯುವ ಜಾಗ ತಪ್ಪಿದರೆ ಅಳತೆಯೇ ಸುಳ್ಳು. ಮೊಣಕಾಲ ಚಿಪ್ಪಿನ ಕೆಳಗೆ, ಮುಂಗಾಲ ಎಲುಬಿನ ಮೇಲೆ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ಎರಡೂ ಕಾಲುಗಳ ಸುತ್ತಳತೆಯನ್ನು ಅದೇ ಮಟ್ಟದಲ್ಲಿ ತೆಗೆಯಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ವ್ಯತ್ಯಾಸ 3 ಸೆಂಟಿಮೀಟರ್ ಮೀರಿದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕಡಿಮೆ ಇದ್ದರೆ ಡಿವಿಟಿ ಇಲ್ಲ ಎಂದಲ್ಲ, ಅನುಮಾನದ ತೂಕ ಇಳಿಯುತ್ತದೆ ಅಷ್ಟೆ. ಎಡಗಾಲಿನಲ್ಲಿ ಡಿವಿಟಿ ತುಸು ಹೆಚ್ಚು, ಯಾಕೆಂದರೆ ಸೊಂಟದ ಬಳಿ ಎಡಗಾಲಿನ ರಕ್ತ ಒಯ್ಯುವ ನಾಳದ ಮೇಲೆ ಬಲಗಾಲಿಗೆ ಹೋಗುವ ಧಮನಿ ಹಾದು ಅದನ್ನು ಒತ್ತುತ್ತದೆ.

ನಮ್ಮ ಕಡೆ ಒಂದು ಕಾಲು ಬಾತರೆ ಮೊದಲ ಊಹೆ ಉಳುಕು, ಎರಡನೆಯದು ಆನೆಕಾಲು. ಉಳುಕು ಎಂದಾದರೆ ಎಣ್ಣೆ ಹಚ್ಚಿ ತಿಕ್ಕುವುದು. ಹೆಪ್ಪು ಹೊಸದಿರುವಾಗ ನಾಳದ ಗೋಡೆಗೆ ಸರಿಯಾಗಿ ಅಂಟಿರುವುದಿಲ್ಲ, ತಿಕ್ಕಿದರೆ ಕಳಚಬಹುದು. ಅಡಿಕೆ ಮರದಿಂದ ಬಿದ್ದು ಎಲುಬು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಸೊಂಟ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು, ಹೆರಿಗೆಯಾಗಿ ಆರು ವಾರ ಕಳೆಯದ ಬಾಣಂತಿಯರು: ಇವರ ಕಾಲು ಬಾತರೆ ತಿಕ್ಕುವ ಮಾತೇ ಇಲ್ಲ. ಬಾಣಂತಿಯರನ್ನು ಮೀಯಿಸುವ ಹಿರಿಯಮ್ಮಂದಿರು ಇದನ್ನು ಕೇಳಿ ಸಿಟ್ಟಾಗುವರೆಂದು ನಾವು ಹೆದರಿದ್ದೆವು. ಅವರೇ "ಹಾಗಾದರೆ ನಾವು ಮೊದಲು ಎರಡೂ ಕಾಲು ನೋಡಿಯೇ ಎಣ್ಣೆಗೆ ಕೈ ಹಾಕುವುದು" ಎಂದರು. ಅವರಿಗೆ ಎರಡು ಸಲ ಕೃತಜ್ಞತೆ.

ಡಾಪ್ಲರ್, ಅಂದರೆ ರಕ್ತನಾಳಗಳ ಅಲ್ಟ್ರಾಸೌಂಡ್, ಮಾಡುವ ಸ್ಕ್ಯಾನಿಂಗ್ ಡಾಕ್ಟರುಗಳು ತಮ್ಮ ಕೆಲಸದ ಗುಟ್ಟನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟರು. ಮೇಲಿನಿಂದ ಒತ್ತಿದಾಗ ಆರೋಗ್ಯದ ನಾಳ ಖಾಲಿ ಪೈಪಿನ ಹಾಗೆ ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ್ದರೆ ಆಗುವುದಿಲ್ಲ. ಡಿ-ಡೈಮರ್ ರಕ್ತಪರೀಕ್ಷೆಯ ಬಗ್ಗೆಯೂ ಎಚ್ಚರಿಸಿದರು. ಅನುಮಾನ ಕಡಿಮೆ ಇದ್ದಾಗ ಅದು ನೆಗೆಟಿವ್ ಬಂದರೆ ನಿಶ್ಚಿಂತೆ. ಆದರೆ ಬಾಣಂತಿ, ಶಸ್ತ್ರಚಿಕಿತ್ಸೆ, ಸೋಂಕು, ಇಳಿವಯಸ್ಸು, ಎಲ್ಲದರಲ್ಲೂ ಅದು ಏರುತ್ತದೆ, ಆದ್ದರಿಂದ ಪಾಸಿಟಿವ್ ಬಂದಷ್ಟಕ್ಕೇ ಏನೂ ಖಚಿತವಾಗದು.

ಮೂವರಲ್ಲಿ ಒಬ್ಬರಿಗೆ ಶ್ವಾಸಕೋಶದಲ್ಲೂ ಇರುವುದಾದರೆ ಎಲ್ಲರಿಗೂ ಎದೆಯ ಸಿಟಿ ಸ್ಕ್ಯಾನ್ ಯಾಕೆ ಮಾಡಿಸಬಾರದು? ನ್ಯಾಯವಾದ ಪ್ರಶ್ನೆ. ಕಾಲಿನ ಹೆಪ್ಪಿಗೂ ಶ್ವಾಸಕೋಶದ ಸದ್ದಿಲ್ಲದ ಹೆಪ್ಪಿಗೂ ಮದ್ದು ಒಂದೇ, ಪ್ರಮಾಣವೂ ಒಂದೇ. ಸಿಟಿಗೆ ವಿಕಿರಣವಿದೆ, ನಾಳಕ್ಕೆ ಬಿಡುವ ಕಾಂಟ್ರಾಸ್ಟ್ ಮದ್ದು ಕಿಡ್ನಿ ಸೋತವರಿಗೆ ಭಾರ, ಅದಕ್ಕೇ ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಾರೆ. ಆದರೆ ನಾಡಿ ನಿಮಿಷಕ್ಕೆ 100 ದಾಟಿದ್ದರೆ, ಮೆಟ್ಟಿಲು ಹತ್ತುವಾಗ ಹಿಂದಿಲ್ಲದ ಆಯಾಸವಿದ್ದರೆ ಅದನ್ನು ಸದ್ದಿಲ್ಲದ್ದು ಎನ್ನಲಾಗದು. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಸೂಜಿ ಹಾಕುವುದನ್ನು ಮನೆಯವರಿಗೆ ಕಲಿಸಿದ ನರ್ಸ್‌ಗಳಿಂದಲೇ ಒಂದು ಇಡೀ ಪುಟ ಬಂತು. ಹೆಪ್ಪು ಬೆಳೆಯದಂತೆ ತಡೆಯುವ ಸೂಜಿಮದ್ದು ಎನಾಕ್ಸಪರಿನ್ ಸಾಮಾನ್ಯವಾಗಿ ದೇಹತೂಕದ ಕಿಲೋಗೆ 1 ಮಿಲಿಗ್ರಾಂ, 12 ಗಂಟೆಗೊಮ್ಮೆ. ಅದಕ್ಕೇ ಊಹೆಯ ತೂಕ ಹೇಳಬಾರದು, ತಕ್ಕಡಿಯ ಮೇಲೆ ನಿಲ್ಲಬೇಕು. ಹೊಕ್ಕುಳಿನಿಂದ ನಾಲ್ಕು ಬೆರಳು ಬಿಟ್ಟು ಒಮ್ಮೆ ಎಡಕ್ಕೆ, ಮುಂದಿನ ಸಲ ಬಲಕ್ಕೆ. ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿ ನೇರ ಒಳಗೆ, ಮದ್ದು ಪೂರ್ತಿ ಹೋಗುವವರೆಗೆ ಮಡಿಕೆ ಬಿಡಬಾರದು. ತುಂಬಿಸಿಯೇ ಬರುವ ಸಿರಿಂಜಿನ ಗಾಳಿಗುಳ್ಳೆಯನ್ನು ಪೂರ್ತಿ ಪ್ರಮಾಣ ಕೊಡುವಾಗ ಹೊರಗೆ ಹಾಕಬಾರದು, ಹಾಕಲು ಹೋದರೆ ಮದ್ದೂ ಚೆಲ್ಲುತ್ತದೆ. ಸೂಜಿ ತೆಗೆದ ಮೇಲೆ ಉಜ್ಜಿದರೆ ನೀಲಿಗಟ್ಟುತ್ತದೆ. ಸಿರಿಂಜನ್ನು ಫ್ರೀಜರಿನಲ್ಲಿ ಇಡಬೇಡಿ.

ಮೆಡಿಕಲ್ ಶಾಪಿನ ಹುಡುಗರಿಗೆ ನಮ್ಮ ಋಣ ಬೇರೆಯೇ. ಅದೇ ಕೆಲಸ ಮಾಡುವ ರಿವರಾಕ್ಸಬಾನ್ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟವರಿಗೆ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆ ಎರಡು ಸಲ, 22ನೆಯ ದಿನದಿಂದ 20 ಮಿಲಿಗ್ರಾಂ ಒಂದೇ ಸಲ. ಎಡವುವುದು ಈ 22ನೆಯ ದಿನದಲ್ಲೇ: ಕೆಲವರು ಹಳೆಯದನ್ನೇ ಮುಂದುವರಿಸುತ್ತಾರೆ, ಕೆಲವರು "ಕೋರ್ಸು ಮುಗಿಯಿತು" ಎಂದು ನಿಲ್ಲಿಸುತ್ತಾರೆ. ಪೆಟ್ಟಿಗೆಯ ಮೇಲೆ ಬದಲಾಯಿಸುವ ತಾರೀಕನ್ನು ಕನ್ನಡದಲ್ಲಿ ಬರೆದುಕೊಡುವ ಪದ್ಧತಿ ಶುರು ಮಾಡಿದವರು ಇವರು. ಈ ಮದ್ದನ್ನು ಊಟದ ಜೊತೆಗೇ ತಿನ್ನಬೇಕು; ಖಾಲಿ ಹೊಟ್ಟೆಗೆ ಹಾಲಿಲ್ಲದ ಕಟ್ಟನ್ ಚಹಾದ ಜೊತೆ ನುಂಗಿದರೆ ಪೂರ್ತಿ ಹೀರಿಕೆಯಾಗುವುದಿಲ್ಲ. ಏಕಾದಶಿ ಇರಲಿ ರಂಜಾನ್ ಇರಲಿ, ಉಪವಾಸದ ಮೊದಲು ಡಾಕ್ಟರ ಹತ್ತಿರ ಹೊತ್ತು ಗೊತ್ತು ಮಾಡಿಕೊಳ್ಳಿ. ಅಪಿಕ್ಸಬಾನ್ ಆದರೆ 7 ದಿನ 10 ಮಿಲಿಗ್ರಾಂ ಎರಡು ಸಲ, ಆಮೇಲೆ 5 ಮಿಲಿಗ್ರಾಂ ಎರಡು ಸಲ. ಇದಕ್ಕೆ ಊಟದ ಹಂಗಿಲ್ಲ. ವಾರ್ಫರಿನ್ ತಿನ್ನುವವರ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಪರೀಕ್ಷೆಯ ಅಂಕಿ, 2ರಿಂದ 3ರ ನಡುವೆ ಇರಬೇಕು. ಬಸಳೆ, ನುಗ್ಗೆಸೊಪ್ಪು ಬಿಡಬೇಕೆಂದಿಲ್ಲ, ಒಂದು ವಾರ ದಿನವೂ ತಿಂದು ಮರುವಾರ ಮುಟ್ಟದೆ ಇರುವುದು ತೊಂದರೆ. ಈ ಮದ್ದುಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಿಸುವ ನೋವುಮಾತ್ರೆ ಡೈಕ್ಲೊಫೆನಾಕನ್ನು ಸೊಂಟನೋವೆಂದು ಕೇಳಲು ಬಂದವರಿಗೆ "ರಕ್ತದ ಮದ್ದು ತಿನ್ನುತ್ತೀರಾ?" ಎಂದು ಕೇಳಿ ವಾಪಸು ಕಳಿಸಿದ್ದು ಎಷ್ಟು ಸಲವೋ.

"ರಕ್ತ ತೆಳು ಮಾಡುವ ಮದ್ದು" ಎಂಬ ಮಾತನ್ನು ಕೈಪಿಡಿಯಿಂದ ತೆಗೆಸಿದವರು ಪೆರ್ಲದ ಕಡೆಯ ಓದುಗರು. ರಕ್ತ ನೀರಾಗಿ ಸುಸ್ತಾಗುತ್ತದೆ ಎಂದು ಹೆದರಿ ಜನ ನಿಲ್ಲಿಸುತ್ತಾರೆ ಎಂದರು. ಸರಿಯಾದ ಮಾತು. ಈ ಮದ್ದು ರಕ್ತವನ್ನು ನೀರು ಮಾಡುವುದಿಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ ತಡೆದು ನಿಲ್ಲುತ್ತದೆ, ಕರಗಿಸುವ ಕೆಲಸ ದೇಹದ್ದೇ, ನಿಧಾನ. ಹತ್ತು ದಿನದಲ್ಲಿ ಬಾವು ಇಳಿದರೂ ಮೂರು ತಿಂಗಳಿಗಿಂತ ಮೊದಲು ಮದ್ದು ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಮೊದಲು ಹೇಳಿದ ವಿಮರ್ಶೆಯಲ್ಲೇ ಇನ್ನೊಂದು ಲೆಕ್ಕವಿದೆ: ಶ್ವಾಸಕೋಶದಲ್ಲಿ ಸದ್ದಿಲ್ಲದ ಹೆಪ್ಪು ಇದ್ದವರಲ್ಲಿ ನೂರಕ್ಕೆ 5.1 ಮಂದಿಗೆ ಶ್ವಾಸಕೋಶಕ್ಕೆ ಮತ್ತೆ ಹೆಪ್ಪು ಹೋಯಿತು, ಇಲ್ಲದವರಲ್ಲಿ 0.6. ಯಾರ ಎದೆಯಲ್ಲಿ ಕೂತಿದೆ ಎಂದು ಹೊರಗಿನಿಂದ ಗೊತ್ತಾಗದ ಮೇಲೆ ಕಾಲು ನೋಡಿ ಮದ್ದು ಬಿಡುವುದು ಹೇಗೆ? ಮೂರು ತಿಂಗಳು ಮದ್ದು ತಿಂದ ಮೇಲೂ ಏದುಸಿರು ಉಳಿದರೆ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಬೇಕು, ಕೆಲವೇ ಮಂದಿಗೆ ಹಳೆಯ ಹೆಪ್ಪು ಗಾಯದ ಕಲೆಯಂತೆ ಗಟ್ಟಿಯಾಗಿ ಶ್ವಾಸಕೋಶದ ಒತ್ತಡ ಏರಿಸುತ್ತದೆ.

ಕೊನೆಗೆ ಆಂಬುಲೆನ್ಸ್ ಚಾಲಕರು. 2020ರಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದಾರಿ ಎಷ್ಟು ದೂರವಾಗಬಹುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಫಕ್ಕನೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕಫದಲ್ಲಿ ರಕ್ತ, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಬಂದರೂ ಬೆಳಗಾಗಲಿ ಎಂದು ಕಾಯಬಾರದು. ಹೊರಡುವಾಗ ಡಾಪ್ಲರ್ ರಿಪೋರ್ಟು, ಮದ್ದಿನ ಪೆಟ್ಟಿಗೆ, ಕೊನೆಯ ಸಲ ತಿಂದ ಹೊತ್ತು ಬರೆದ ಚೀಟಿ, ಮೂರೂ ಕೈಯಲ್ಲಿರಲಿ. ಈ ಮೂರನ್ನು ಬಾಗಿಲಲ್ಲೇ ಕೇಳಿ ಪಡೆಯುವುದನ್ನು ಚಾಲಕರು ರೂಢಿ ಮಾಡಿಕೊಂಡಿದ್ದಾರೆ.

ಎರಡನೆಯ ಅಚ್ಚು ಬರುತ್ತಿದೆ. ಅಕ್ಷರ ಚಿಕ್ಕದಾಯಿತು ಎಂದವರ ಮಾತು ಕೇಳಿ ದೊಡ್ಡದು ಮಾಡಿದ್ದೇವೆ, ಹಿಂಬದಿಯ ರಟ್ಟಿನಲ್ಲಿ 22ನೆಯ ದಿನದ ತಾರೀಕು ಬರೆಯಲು ಒಂದು ಖಾಲಿ ಚೌಕ ಬಿಟ್ಟಿದ್ದೇವೆ. ಮೊದಲ ಅಚ್ಚಿನವರು ಅಲ್ಲೇ ಪೆನ್ನಿನಲ್ಲಿ ಒಂದು ಚೌಕ ಎಳೆದುಕೊಳ್ಳಿ.