ಪಟ್ಟಿಯಲ್ಲಿ ಹೆಸರಿಲ್ಲದ ತೇಜಸ್‌ಗೆ, ಅತ್ತೆಯ ಪತ್ರ

ಚಿ. ತೇಜಸ್‌ಗೆ ಹಾಸನದಿಂದ ಅತ್ತೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ನಿನ್ನಪ್ಪ ಫೋನ್ ಮಾಡಿದ್ದ. ಅಲ್ಲಿನ ರಾಜ್ಯ ತಂಡದ ಪಟ್ಟಿಯಲ್ಲಿ ನಿನ್ನ ಹೆಸರು ಬರಲಿಲ್ಲವಂತೆ. ಇನ್ನು ಬ್ಯಾಸ್ಕೆಟ್‌ಬಾಲ್ ಮುಟ್ಟಲ್ಲ ಅಂತ ಕೂತಿದ್ದೀಯಂತೆ. "ನೀನೇ ಏನಾದ್ರೂ ಹೇಳಕ್ಕ, ನನ್ನ ಮಾತು ಕೇಳಲ್ಲ" ಅಂದ. ವಾಟ್ಸಾಪ್‌ನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸಿಬಿಡ್ತೀಯ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಪೂರ್ತಿ ಓದು.

ಬೇಜಾರಾಗಿದ್ದರೆ ಆಗಲಿ. ಆಗಲೇಬೇಕು. ಬೇಜಾರೇ ಆಗದವನು ಆಡಿ ಏನು ಪ್ರಯೋಜನ? ಆದರೆ ಒಂದು ವಿಷಯ ನಿನಗೆ ಗೊತ್ತಿರಲಿ. ನಾನು ಪಿ.ಟಿ. ಟೀಚರ್, ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುವವಳು. ಹನ್ನೆರಡು ಹೆಸರು ಬರೆಯುವಾಗ ನನ್ನ ತಲೆಯಲ್ಲಿ ಏನಿರುತ್ತೆ ಗೊತ್ತಾ? ಎತ್ತರದವರು ಇಬ್ಬರಿದ್ದಾರೆ, ಸಾಕು. ಬಾಲ್ ಆಡಿಸಿಕೊಂಡು ಮುಂದಕ್ಕೆ ತರುವವನು ಒಬ್ಬ ಕಡಿಮೆ. ಒಬ್ಬನಿಗೆ ಮಂಡಿ ನೋವು, ಅವನ ಬದಲಿಗೆ ಇನ್ನೊಬ್ಬ ಇರಲಿ. ಇಷ್ಟೇ. ಹದಿಮೂರನೆಯ ಹುಡುಗ ಮುಂದೆ ಏನಾಗ್ತಾನೆ ಅಂತ ಯೋಚಿಸುವ ಪುರುಸೊತ್ತು ಯಾರಿಗೂ ಇರಲ್ಲ. ಅದು ಆ ವಾರದ ಲೆಕ್ಕ. ನೀನು ಅದನ್ನು ಜಾತಕ ಅಂದುಕೊಂಡಿದ್ದೀಯ.

ನಿನ್ನ ಕೋಣೆಯಲ್ಲಿ ಜಾಶ್ ಗಿಡ್ಡೀ ಪೋಸ್ಟರ್ ಇದೆ ಅಂತ ಗೊತ್ತು. ನಿಮ್ಮೂರಿನ ಅಡಿಲೇಡ್ 36ರ್ಸ್ ತಂಡಕ್ಕೆ ಒಂದು ಸೀಸನ್ ಆಡಿದ, 2021ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎದ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವಾಗ, ಆರನೆಯವನಾಗಿ ಹೋದ. ಆಗ ಅವನಿಗೆ ಹದಿನೆಂಟು. ಅವನನ್ನು ನೋಡಿ ನಿನಗೆ ಹದಿನೇಳಕ್ಕೇ ತಡವಾಯ್ತು ಅನ್ನಿಸಿದೆ, ಅಲ್ವಾ? ಪೋಸ್ಟರ್ ಇರಲಿ, ಒಳ್ಳೆ ಆಟಗಾರ. ಆದರೆ ನಿನ್ನ ಆಟಕ್ಕೆ ಮೇಷ್ಟ್ರಾಗಬೇಕಾದವನು ಅವನಲ್ಲ. ಜೋ ಇಂಗಲ್ಸ್. ಅವನೂ ನಿಮ್ಮ ಅಡಿಲೇಡ್‌ನವನೇ, ಹ್ಯಾಪಿ ವ್ಯಾಲಿ ಕಡೆಯವನು. ನಿನ್ನ ಹಾಗೆ ಎಡಚ. ನಿನ್ನ ಹಾಗೇ ಓಡೋದ್ರಲ್ಲಿ ಅಷ್ಟಕ್ಕಷ್ಟೇ. ಸಿಟ್ಟಾಗಬೇಡ, ನಿನ್ನಪ್ಪ ಕಳಿಸುವ ವಿಡಿಯೋಗಳನ್ನೆಲ್ಲ ನಾನು ನೋಡ್ತೀನಿ.

"ಇಂಗಲ್ಸ್ ಗೊತ್ತು ಬಿಡತ್ತೆ, ದೂರದಿಂದ ಥ್ರೀ ಪಾಯಿಂಟರ್ ಹಾಕ್ತಾನೆ" ಅಂತೀಯ. ಅವನು ಅಲ್ಲಿಗೆ ಹೋಗಿ ತಲುಪಿದ ದಾರಿ ಗೊತ್ತಾ? 2006ರ ಸುಮಾರಿಗೆ ಮೆಲ್ಬರ್ನ್‌ನ ಸೌತ್ ಡ್ರ್ಯಾಗನ್ಸ್ ಸೇರಿದ. ಮೊದಲ ಸೀಸನ್ನಿಗೇ ಆಸ್ಟ್ರೇಲಿಯಾದ ಲೀಗ್ ಎನ್‌ಬಿಎಲ್‌ನ ಅತ್ಯುತ್ತಮ ಹೊಸಬ ಅನ್ನಿಸಿಕೊಂಡ. 2009ರಲ್ಲಿ ತಂಡ ಚಾಂಪಿಯನ್ ಆಯಿತು. ಆಮೇಲೆ ಏನಾಯ್ತು? ಅದೇ ವರ್ಷ ತಂಡವೇ ಬಾಗಿಲು ಹಾಕಿತು! ಕಪ್ ಗೆದ್ದ ತಂಡ. ಅದೇ ವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ ಅರವತ್ತು ಹೆಸರು ಕರೆದರು, ಇವನದ್ದು ಇರಲಿಲ್ಲ.

ಇವನು ಸ್ಪೇನ್‌ಗೆ ಹೋದ. ಮೊದಲು ಗ್ರನಾಡಾ, ಆಮೇಲೆ ಬಾರ್ಸಿಲೋನಾ. ಯುರೋಪಿನ ಆಟ ನಿನಗೆ ಬೋರು. ನನಗೆ ಇಷ್ಟ. ಅಲ್ಲಿ ಒಬ್ಬನೇ ಇಪ್ಪತ್ತು ಸಲ ಬಾಲ್ ಎಸೆಯೋದಿಲ್ಲ. ಹತ್ತು ಜನ ಸರದಿಯಲ್ಲಿ ಆಡ್ತಾರೆ, ಹದಿನೈದು ನಿಮಿಷ ಸಿಕ್ಕರೆ ಅದರಲ್ಲೇ ನಿನ್ನ ಕೆಲಸ ಮುಗಿಸಬೇಕು. ಬಾರ್ಸಿಲೋನಾದಲ್ಲಿ ಸ್ಪೇನ್ ಲೀಗ್ ಗೆದ್ದ. ಅಲ್ಲಿಂದ ಇಸ್ರೇಲಿನ ಮಕಾಬಿ ಟೆಲ್ ಅವಿವ್. 2014ರ ಮೇ ತಿಂಗಳಲ್ಲಿ ಮಿಲಾನ್‌ನಲ್ಲಿ ಯುರೋಲೀಗ್ ಫೈನಲ್. ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯ. ರಿಯಲ್ ಮ್ಯಾಡ್ರಿಡ್ ವಿರುದ್ಧ 98-86ರಲ್ಲಿ ಮಕಾಬಿ ಗೆದ್ದಿತು.

ಇಷ್ಟೆಲ್ಲ ಆದ ಮೇಲೆ ಎನ್‌ಬಿಎದ ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ಕರೆಯಿತು. ಸೀಸನ್ ಶುರುವಾಗೋದಕ್ಕೆ ಎರಡು ಮೂರು ದಿನ ಇರುವಾಗ ಕೈಬಿಟ್ಟಿತು. ತಂಡದಲ್ಲಿ ಹದಿನೈದೇ ಜಾಗ. ಲೆಕ್ಕಕ್ಕೆ ಇವನು ಹೆಚ್ಚಾದ. ಆಗ ಅವನಿಗೆ ಇಪ್ಪತ್ತೇಳು. ನಿನಗೆ ಈಗ ಹದಿನೇಳು.

ಕೈಬಿಟ್ಟ ಆಟಗಾರನನ್ನು ಬೇರೆ ತಂಡ ಎತ್ತಿಕೊಳ್ಳಲು ಅಲ್ಲಿ ಸ್ವಲ್ಪವೇ ಸಮಯ ಇರುತ್ತೆ. ಯೂಟಾ ಜ್ಯಾಝ್ ಎತ್ತಿಕೊಂಡಿತು. ಆ ತಂಡದಲ್ಲಿ ಡಾಂಟೆ ಎಕ್ಸಮ್ ಅನ್ನೋ ಮೆಲ್ಬರ್ನ್ ಹುಡುಗ ಆಗಷ್ಟೇ ಸೇರಿದ್ದ, ಡ್ರಾಫ್ಟ್‌ನಲ್ಲಿ ಐದನೆಯವನು. ಆ ಹುಡುಗನಿಗೆ ಜೊತೆಗಿರಲಿ ಅಂತ ಇಂಗಲ್ಸ್‌ನನ್ನು ತಂದರು ಅಂತ ಆಡಿಕೊಂಡವರೂ ಇದ್ದರು. ಇರಲಿ ಬಿಡು. ಜೊತೆಗೆ ಅಂತ ಬಂದವನು ಏಳು ಸೀಸನ್ನಿಗೂ ಜಾಸ್ತಿ ಆಡಿದ. ತಂಡದ ಹಳೆಯ ಆಟಗಾರ ಜಾನ್ ಸ್ಟಾಕ್ಟನ್ ಹೆಸರಿನಲ್ಲಿದ್ದ ಥ್ರೀ ಪಾಯಿಂಟರ್ ದಾಖಲೆಯನ್ನೂ ದಾಟಿದ. 2016ರಿಂದ 2020ರವರೆಗೆ ನಾಲ್ಕು ಸೀಸನ್‌ಗಳಲ್ಲಿ ಲೀಗ್ ಹಂತದ ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ. 2017ರ ಪ್ಲೇಆಫ್‌ನಲ್ಲಿ ಜ್ಯಾಝ್ ಮೊದಲ ಸುತ್ತಿನಲ್ಲೇ ಸೋಲಿಸಿದ್ದು ಯಾರನ್ನ ಗೊತ್ತಾ? ಅದೇ ಕ್ಲಿಪ್ಪರ್ಸ್‌ನ, ಏಳು ಪಂದ್ಯ ಆಡಿ. ಆ ಬೇಸಿಗೆಯಲ್ಲೇ ಅವನಿಗೆ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್‌ನ ಕಾಂಟ್ರಾಕ್ಟ್ ಸಿಕ್ಕಿತು.

ದುಡ್ಡಿನ ಮಾತು ಕೇಳಿ ಕಣ್ಣರಳಿಸಬೇಡ. ಅವನ ಆಟ ನೋಡು. ಯೂಟಾದ ಹಳೆಯ ಪಂದ್ಯ ಒಂದನ್ನು ಹಾಕಿಕೊಂಡು ಬರೀ ಅವನನ್ನೇ ನೋಡು. ಅವನದೇ ತಂಡದ ರೂಡಿ ಗೋಬೇರ್ ಬಂದು ಸ್ಕ್ರೀನ್ ಹಾಕ್ತಾನೆ, ಅಂದ್ರೆ ಇಂಗಲ್ಸ್‌ನ ಕಾಯುವವನಿಗೆ ಅಡ್ಡ ನಿಲ್ತಾನೆ. ಇಂಗಲ್ಸ್ ಅದನ್ನು ಸುತ್ತಿ ಬರ್ತಾನೆ, ಸಂತೆಗೆ ಹೊರಟವನ ಹಾಗೆ ನಿಧಾನಕ್ಕೆ. ಅವನನ್ನು ಕಾಯುವವನು ಈಗ ಅವನ ಬೆನ್ನಿಗೆ. ಇಂಗಲ್ಸ್ ಅಲ್ಲೇ ಅರೆಗಳಿಗೆ ನಿಲ್ತಾನೆ. ಬೆನ್ನ ಹಿಂದಿನವನು ಮುಂದೆ ಬರೋಕಾಗಲ್ಲ, ಬಂದರೆ ಫೌಲ್. ರಿಂಗ್ ಕೆಳಗಿರುವ ದೊಡ್ಡ ಆಳಿಗೆ ಗೊಂದಲ, ಇವನ ಮೇಲೆ ಬರಬೇಕಾ, ಗೋಬೇರ್‌ನ ಹಿಡೀಬೇಕಾ? ಇಂಗಲ್ಸ್ ಕಣ್ಣು ಮೂಲೆಯ ಕಡೆ ಹಾಯಿಸಿ ಬಾಲ್ ಎತ್ತಿದ ಹಾಗೆ ಮಾಡ್ತಾನೆ. ಆ ದೊಡ್ಡ ಆಳು ಒಂದು ಹೆಜ್ಜೆ ಇಟ್ಟ ತಕ್ಷಣ ಎಡಗೈಯಿಂದ ಪಾಸ್ ಹೋಗಿರುತ್ತೆ. ಇದರಲ್ಲಿ ಓಟವೂ ಇಲ್ಲ, ಜಿಗಿತವೂ ಇಲ್ಲ. ಎದುರಿನವನ ಕಾಲು ಎತ್ತ ವಾಲಿದೆ ಅನ್ನೋದನ್ನ ನೋಡುವ ಕಣ್ಣು ಇದೆ. ಆ ಕಣ್ಣು ನಿನಗೂ ಇದೆ, ತೇಜಸ್. ನೀನು ಅದನ್ನು ಬಳಸೋದೇ ಇಲ್ಲ. ಗಿಡ್ಡೀ ಥರ ಮೂರು ಜನರ ನಡುವೆ ನುಗ್ಗಿ ಬಾಲ್ ಕಳೆದುಕೊಳ್ತೀಯ. ಬಾಲ್ ನಿನ್ನ ಕೈಯಲ್ಲಿ ಇಲ್ಲದಾಗ ಸೊಂಟದ ಮೇಲೆ ಕೈ ಇಟ್ಟು ನಿಲ್ತೀಯ. ಪಟ್ಟಿ ಮಾಡಿದವರಿಗೂ ಬಹುಶಃ ಅದೇ ಕಂಡಿರುತ್ತೆ.

ಇನ್ನೊಂದು ಸಂಗತಿ. 2020-21ರಲ್ಲಿ ಬೆಂಚಿನಿಂದ ಬರುವ ಅತ್ಯುತ್ತಮ ಆಟಗಾರ ಅನ್ನೋ ಪ್ರಶಸ್ತಿಗೆ ಇಂಗಲ್ಸ್ ಮತ್ತು ಅವನದೇ ತಂಡದ ಜೋರ್ಡನ್ ಕ್ಲಾರ್ಕ್‌ಸನ್ ಇಬ್ಬರ ಹೆಸರೂ ಇತ್ತು. ಕ್ಲಾರ್ಕ್‌ಸನ್‌ಗೆ ಬಂತು, ಇಂಗಲ್ಸ್ ಎರಡನೆಯವನಾದ. ಟಿವಿ ಎದುರು ಆ ಟ್ರೋಫಿಯನ್ನು ಕ್ಲಾರ್ಕ್‌ಸನ್ ಕೈಗೆ ಕೊಟ್ಟಿದ್ದು ಇಂಗಲ್ಸೇ. ನಿನ್ನ ಗೆಳೆಯನ ಹೆಸರು ಪಟ್ಟಿಯಲ್ಲಿ ಇದೆಯಂತಲ್ಲ? ಅವನಿಗೆ ಫೋನ್ ಮಾಡಿದ್ಯಾ? ಇಲ್ಲದಿದ್ದರೆ ಇವತ್ತೇ ಮಾಡು. ನಾಳೆಗೆ ಅದು ಕಷ್ಟ ಆಗುತ್ತೆ.

2022ರ ಜನವರಿಯಲ್ಲಿ ಇಂಗಲ್ಸ್‌ನ ಎಡ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ ಹರಿಯಿತು. ಹತ್ತು ದಿನ ಕಳೆಯೋದರಲ್ಲಿ ಯೂಟಾ ಅವನನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟುಬಿಟ್ಟಿತು. ಅಲ್ಲಿ ಒಂದು ಪಂದ್ಯವೂ ಆಡಲಿಲ್ಲ. ಮೂವತ್ತನಾಲ್ಕು ವಯಸ್ಸು, ಹರಿದ ಮಂಡಿ. ಆದರೂ ಮಿಲ್ವಾಕಿ ತೆಗೆದುಕೊಂಡಿತು, ಆಮೇಲೆ ಒರ್ಲ್ಯಾಂಡೊ, ಆಮೇಲೆ ಮಿನೆಸೋಟ. ಮಿನೆಸೋಟದಲ್ಲಿ ಹೆಚ್ಚಾಗಿ ಬೆಂಚಿನ ಮೇಲೇ ಇದ್ದ. ಅವನ ಮಗನಿಗೆ ಆಟಿಸಂ ಇದೆ ಅಂತ 2019ರಲ್ಲಿ ಗೊತ್ತಾಗಿತ್ತು. ಅವನೂ ಹೆಂಡತಿ ರೆನೇಯೂ ಅದನ್ನು ಮುಚ್ಚಿಡದೆ ಎಲ್ಲರೆದುರು ಮಾತಾಡಿದವರು. ಗಲಾಟೆ, ಬೆಳಕು ಅಂತ ಆ ಮಗುವಿಗೆ ಅಪ್ಪನ ಪಂದ್ಯ ಪೂರ್ತಿ ಕೂತು ನೋಡೋದು ಕಷ್ಟವಾಗಿತ್ತು. 2025ರ ಮಾರ್ಚ್‌ನಲ್ಲಿ ಮೊದಲ ಸಲ ಒಂದು ಪಂದ್ಯ ಪೂರ್ತಿ ಕೂತು ನೋಡಿದ. ಆದರೆ ಆ ದಿನ ಅಪ್ಪನನ್ನು ಕಣಕ್ಕೇ ಇಳಿಸಿರಲಿಲ್ಲ. ಅದು ಗೊತ್ತಾಗಿ ಕೋಚ್ ಕ್ರಿಸ್ ಫಿಂಚ್ ಮುಂದಿನ ಪಂದ್ಯಕ್ಕೆ ಇಂಗಲ್ಸ್‌ನನ್ನು ಮೊದಲ ಐವರಲ್ಲೇ ಇಳಿಸಿದರು. ಮೂರು ವರ್ಷದ ಮೇಲೆ ಸಿಕ್ಕ ಜಾಗ. ಪ್ಲೇಆಫ್‌ಗೆ ಒಂದೊಂದು ಗೆಲುವೂ ಬೇಕಿದ್ದ ಹೊತ್ತು ಅದು. ತಂಡದವರೆಲ್ಲ ಖುಷಿಯಿಂದ ಒಪ್ಪಿ ಆಡಿದರು, ದೊಡ್ಡ ಅಂತರದಲ್ಲಿ ಗೆದ್ದರು. ಬೆಂಚಿನಲ್ಲಿ ಕೂತ ಎಲ್ಲರಿಗೂ ಹೀಗೆ ಮಾಡ್ತಾರಾ? ಇಲ್ಲ ಕಣೋ. ಅವನು ಆ ಬೆಂಚಿನಲ್ಲಿ ಹೇಗೆ ಕೂತಿದ್ದ ಅನ್ನೋದರ ಮೇಲೆ ಅದು ಸಿಕ್ಕಿದ್ದು.

ಒಲಿಂಪಿಕ್ಸ್ ವಿಷಯ ನಿನಗೇ ಗೊತ್ತು, ಜಾಸ್ತಿ ಬರೆಯಲ್ಲ. 2016ರ ರಿಯೋದಲ್ಲಿ ಇಂಗಲ್ಸ್ ಇದ್ದ ಆಸ್ಟ್ರೇಲಿಯಾ ತಂಡ ಕಂಚಿಗಾಗಿ ಆಡಿ ಸ್ಪೇನ್‌ಗೆ ಸೋತದ್ದು 88-89, ಒಂದೇ ಪಾಯಿಂಟು. ಟೋಕಿಯೋದಲ್ಲಿ ಅದೇ ಕಂಚಿಗಾಗಿ ಸ್ಲೊವೇನಿಯಾ ವಿರುದ್ಧ ಗೆದ್ದದ್ದು 107-93. ಪ್ಯಾಟಿ ಮಿಲ್ಸ್ 42 ಪಾಯಿಂಟು ಹೊಡೆದ, ಆಸ್ಟ್ರೇಲಿಯಾ ಗಂಡಸರ ತಂಡಕ್ಕೆ ಮೊದಲ ಪದಕ. ಕೋಚ್ ಯಾರು? ಬ್ರಯಾನ್ ಗೋರ್ಜಿಯನ್. 2009ರಲ್ಲಿ ಆ ಬಾಗಿಲು ಹಾಕಿದ ತಂಡಕ್ಕೆ ಕಪ್ ಗೆಲ್ಲಿಸಿದ್ದ ಅದೇ ಕೋಚ್.

ಇದನ್ನೆಲ್ಲ ಓದಿ ನೀನೂ ಎನ್‌ಬಿಎಗೆ ಹೋಗ್ತೀಯ ಅಂತ ನಾನು ಹೇಳ್ತಿಲ್ಲ. ಹೋಗದಿರೋ ಸಾಧ್ಯತೆಯೇ ಹೆಚ್ಚು. ಹನ್ನೆರಡನೇ ಕ್ಲಾಸಿನ ಓದು ಬಿಡಬೇಡ, ಆ ವಿಷಯದಲ್ಲಿ ನಾನು ನಿಮ್ಮಪ್ಪನ ಪಾರ್ಟಿ. ಆಟ ಬಿಡಬೇಕು ಅನ್ನಿಸಿದರೆ ಬಿಡು, ಯಾರೂ ಬೈಯಲ್ಲ. ಆದರೆ ಈ ವಾರ ಬೇಡ. ಸಿಟ್ಟಿನಲ್ಲಿ ಬೇಡ. ನಿನ್ನ ಕ್ಲಬ್ಬಿನ ಸೀಸನ್ ಇನ್ನೂ ಇದೆ, ಅಲ್ಲಿ ನಿನ್ನನ್ನು ನಂಬಿಕೊಂಡು ಒಂಬತ್ತು ಹುಡುಗರಿದ್ದಾರೆ. ಅದನ್ನು ಮುಗಿಸು. ಕೋಚ್ ಹತ್ತಿರ ಹೋಗಿ "ನನ್ನನ್ನ ಯಾಕೆ ತಗೊಳ್ಳಲಿಲ್ಲ" ಅಂತ ಕೇಳಬೇಡ. "ಮುಂದಿನ ವರ್ಷ ನಿಮಗೆ ಯಾವ ಕೆಲಸ ಮಾಡುವವನು ಬೇಕು" ಅಂತ ಕೇಳು. ಹೇಳಿದ್ದನ್ನ ಬರೆದುಕೊಂಡು ಬಾ. ದಿನಾ ಪ್ರಾಕ್ಟೀಸ್ ಮುಗಿದ ಮೇಲೆ ಹತ್ತು ನಿಮಿಷ ಬಲಗೈಯಲ್ಲೂ ಪಾಸ್ ಮಾಡು. ನೀನು ಎಡಗಡೆಗೇ ಹೋಗ್ತೀಯ ಅಂತ ಹಾಸನದಲ್ಲಿ ಕೂತ ನನಗೇ ಗೊತ್ತು, ಎದುರು ಆಡೋರಿಗೆ ಗೊತ್ತಿರಲ್ವಾ?

ನಿನ್ನಪ್ಪನಿಗೆ ಹೇಳು, ನೀನು ಬಾಸ್ಕೆಟ್ ಹಾಕಿದ್ದನ್ನಷ್ಟೇ ಕತ್ತರಿಸಿ ಕಳಿಸೋದು ಬೇಡ ಅಂತ. ಮುಂದಿನ ಪಂದ್ಯದ ಕೊನೇ ಕ್ವಾರ್ಟರ್ ಪೂರ್ತಿ ಕಳಿಸಲಿ, ಕ್ಯಾಮೆರಾ ನಿನ್ನ ಮೇಲೇ ಇರಲಿ, ಬಾಲ್ ಎಲ್ಲೇ ಇದ್ದರೂ. ನೋಡಿ ಮತ್ತೆ ಬರೀತೀನಿ.

ಇಂತಿ ನಿನ್ನ,
ಅತ್ತೆ