ಜನನ ನೋಂದಣಿ, ಪೌರತ್ವ: ಮನೆ ಭೇಟಿಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜನನ ಪ್ರಮಾಣಪತ್ರ ಸಿಕ್ಕಿದರೆ ಪೌರತ್ವವೂ ಸಿಕ್ಕಂತೆ ಎಂದು ಯಾವ ಕುಟುಂಬಕ್ಕೂ ಹೇಳಬೇಡಿ. ಮಗು ಎಲ್ಲಿ ಹುಟ್ಟಿತು, ತಂದೆತಾಯಿ ಯಾರು ಎಂಬುದಕ್ಕಷ್ಟೇ ಅದು ಪುರಾವೆ. ಆದರೆ ಹುಟ್ಟಿನಿಂದ ಬರುವ ಪೌರತ್ವ ನಿಂತಿರುವುದೇ ಈ ಎರಡರ ಮೇಲೆ, ಹಾಗಾಗಿ ನೋಂದಣಿ ತಪ್ಪಲೇಬಾರದು.

ಅರ್ಜಿ ಕೊಡುವ ಮುನ್ನ ತಾಯಿ, ತಂದೆ, ಮಗು ಮೂವರ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಬಿಡದೆ ಓದಿ. ಅಲ್ಪಸಂಖ್ಯಾತ ಭಾಷೆಯ ಹೆಸರುಗಳನ್ನು ಎಷ್ಟೋ ಸಲ ಕಿವಿಗೆ ಬಿದ್ದಂತೆ ಬರೆದಿರುತ್ತಾರೆ: ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ. ವರ್ಷಗಳ ನಂತರ ‘ಇವರಿಬ್ಬರೂ ಬೇರೆಬೇರೆ ವ್ಯಕ್ತಿಗಳು’ ಎಂದು ಅರ್ಜಿ ತಿರಸ್ಕಾರವಾಗುವುದು ಇದೇ ಕಾರಣಕ್ಕೆ. ತಿದ್ದುಪಡಿಯನ್ನು ಈಗಲೇ ಮಾಡಿಸಿ.

ಇಪ್ಪತ್ತಕ್ಕೂ ಹೆಚ್ಚು ದೇಶಗಳ ಕಾನೂನು ತಂದೆಗೆ ಸಮನಾಗಿ ತಾಯಿಯಿಂದ ಮಗುವಿಗೆ ಪೌರತ್ವ ದಾಟಲು ಬಿಡುವುದಿಲ್ಲ. ತಂದೆ ಯಾರೆಂದು ದಾಖಲೆಯಲ್ಲಿಲ್ಲದಿದ್ದರೆ ಅಥವಾ ಅವರಿಗೇ ಪೌರತ್ವವಿಲ್ಲದಿದ್ದರೆ, ಅಂಥ ಪ್ರಕರಣವನ್ನು ಮೊದಲು ಕೈಗೆತ್ತಿಕೊಳ್ಳಿ.

ಮಗು ಹುಟ್ಟಿದ ದೇಶ 1961ರ ಒಪ್ಪಂದಕ್ಕೆ (ಯಾವ ದೇಶದ ಪೌರತ್ವವೂ ಇಲ್ಲದ ಸ್ಥಿತಿಯನ್ನು ತಗ್ಗಿಸುವ ವಿಶ್ವಸಂಸ್ಥೆಯ ಒಪ್ಪಂದ) ಸೇರಿದೆಯೇ ನೋಡಿ. ಸೇರಿದ್ದರೆ, ಅಲ್ಲೇ ಹುಟ್ಟಿ ಬೇರೆಲ್ಲೂ ಪೌರತ್ವ ಸಿಗದ ಮಗುವಿಗೆ ದಾರಿ ಇರಲೇಬೇಕು. ಅರ್ಜಿಗೆ ಗಡುವು ಇಡಬಹುದು, ಆದರೆ 21 ವರ್ಷ ತುಂಬುವ ಮೊದಲು ಬಾಗಿಲು ಮುಚ್ಚುವಂತಿಲ್ಲ. ವಾಸದ ಷರತ್ತು ಅರ್ಜಿಗೆ ಹಿಂದಿನ 5 ವರ್ಷ, ಒಟ್ಟಾರೆ 10 ವರ್ಷ ಮೀರಬಾರದು. ಆದ್ದರಿಂದ ಲಸಿಕೆ ಕಾರ್ಡು, ಶಾಲಾ ಹಾಜರಿಯಂಥ ತಾರೀಖು ಇರುವ ಚೀಟಿ ಒಂದನ್ನೂ ಎಸೆಯದಂತೆ ಹೇಳಿ.

ಕೊನೆಗೆ, ಬಹಳ ಮುಖ್ಯ: ನಿರಾಶ್ರಿತರ ಕಾಗದಕ್ಕಾಗಿ ಅವರು ಬಿಟ್ಟುಬಂದ ದೇಶದ ರಾಯಭಾರ ಕಚೇರಿಯನ್ನು ಯಾರೂ ಸಂಪರ್ಕಿಸಬೇಡಿ. ಊರಲ್ಲಿ ಉಳಿದ ಬಂಧುಗಳ ಜೀವಕ್ಕೇ ಅಪಾಯವಾದೀತು.