ಭಾನುವಾರ ಹಳೇ ಪೇಪರ್ ಓದೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 3 ಗಂಟೆಗೆ ವಿರಾಜಪೇಟೆಯ ನಮ್ಮ ಮನೆಯಲ್ಲಿ ಸೇರೋಣ. ಈ ಸಲ ಒಂದೇ ದಿನದ ತಲೆಬರಹಗಳು: 1969ರ ಜುಲೈ 22.

ಎಂಥಾ ವಾರ ಅದು! 19ಕ್ಕೆ 14 ಬ್ಯಾಂಕುಗಳು ಸರ್ಕಾರದ್ದಾದವು. 20ಕ್ಕೆ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿ ಸ್ಥಾನ ಬಿಟ್ಟರು. 21ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ ಸುಮಾರು ಎಂಟೂವರೆಗೆ, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು.

ಅಜ್ಜಿಯ ತಗಡಿನ ಪೆಟ್ಟಿಗೆಯ ತಳದಲ್ಲಿ ಆ ದಿನದ ಒಂದು ಹಾಳೆ ಸಿಕ್ಕಿದೆ. ಚಂದ್ರನ ಸುದ್ದಿ ದಪ್ಪಕ್ಷರದಲ್ಲಿ, ಅದಕ್ಕೆ ಅಂಟಿಕೊಂಡೇ ತಲೆನೋವಿನ ಮುಲಾಮಿನ ಜಾಹೀರಾತು! ಆಗ ಇಲ್ಲಿ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ, ಚಂದ್ರನನ್ನು ನೋಡಿ ವಾರ ಕಳೆದಿತ್ತಂತೆ. "ಇಷ್ಟು ಮಳೇಲಿ ಮೇಲೆ ಹೋದವ್ರು ನೆನೀಲಿಲ್ವಾ?" ಅಂತ ಅಜ್ಜಿ ಕೇಳಿದ್ದನ್ನು ಮನೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತೇವೆ.

ನೀವೂ ಅಟ್ಟ, ಪೆಟ್ಟಿಗೆ ಹುಡುಕಿ. ಬೇರೆ ದಿನದ್ದು ಸಿಕ್ಕರೂ ತನ್ನಿ, ಮುಂದಿನ ತಿಂಗಳಿಗಾಗುತ್ತದೆ. ಮಡಚಬೇಡಿ, ಟೇಪ್ ಅಂಟಿಸಬೇಡಿ. ಮಳೆ ಜಾಸ್ತಿ ಇದೆ, ಪ್ಲಾಸ್ಟಿಕ್ ಕವರಿನಲ್ಲಿಡಿ. ಆ ದಿನ ನೆನಪಿರುವ ಹಿರಿಯರನ್ನು ದಯವಿಟ್ಟು ಕರೆತನ್ನಿ, ಅವರ ಮಾತೇ ಮುಖ್ಯ.

ಬರುವವರು ಎಷ್ಟು ಜನ ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಕಾಫಿ, ಬಜ್ಜಿಗೆ ಲೆಕ್ಕ ಬೇಕಲ್ವಾ.